ಬಾಯಿ ಕಟ್ಟಿದ ಕೀಸುಳಿ

"ತಗೊಂಡು ಹೋಗಿ ಮೇಡಂ. ಗೋಡೆಗೆ ತೂಗು ಹಾಕಿ, ಬಂದವರಿಗೆ ತೋರ್ಸಿ. ಅದರ ಬಾಯಿ ಮಾತ್ರ ಬಿಡಿಸ್ಬೇಡಿ. ಬಿಡಿಸಿದ್ರೂ ಯಾರ ಹೆಸರೂ ಹಿಡಿದು ಅದ್ರಲ್ಲಿ ಮರ ಕೀಸ್ಬೇಡಿ."

ಗಾಳಿಬೀಡಿನ ತಂಗಮ್ಮ ಇದನ್ನು ಹೇಳಿದ್ದು ಅಂಗಳದ ಬಿಸಿಲಿನಲ್ಲಿ ನಿಂತು, ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡು. ಅರವತ್ತು ದಾಟಿದ ಹೆಂಗಸು. ಅವರ ಕಣ್ಣು ಮಾಳವಿಕಾಳ ಮುಖದ ಮೇಲಿರಲಿಲ್ಲ. ಅವಳ ಕೈಯಲ್ಲಿದ್ದ ಕಪ್ಪು ಮರದ ತುಂಡಿನ ಮೇಲಿತ್ತು. ಸುತ್ತಲಿನ ತೋಟದಲ್ಲಿ ಕಾಫಿ ಹೂ ಬಿಟ್ಟಿತ್ತು. ಮೊಗ್ಗು ಅರಳಿಸುವ ಹೂಮಳೆ ಬಿದ್ದು ಕೆಲವು ದಿನ ಕಳೆದಿದ್ದರಿಂದ ಮಲ್ಲಿಗೆಯಂಥ ಆ ವಾಸನೆಗೆ ಒಂದಿಷ್ಟು ಹುಳಿ ಸೇರಿ, ತಲೆ ಸುತ್ತುವಂತೆ ಅಂಗಳದ ತುಂಬ ಕೂತಿತ್ತು.

ಮಾಳವಿಕಾ ನಕ್ಕಳು. ನಗಬಾರದಿತ್ತು. ಆದರೆ ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಹೇಳುವವಳು, ಮೈಸೂರಿನಲ್ಲಿ ಹುಟ್ಟಿ ಬೆಳೆದು ಮಡಿಕೇರಿಗೆ ಸೊಸೆಯಾಗಿ ಬಂದವಳು, ಮಾಟ-ಮಂತ್ರದ ಮಾತು ಎದ್ದಾಗಲೆಲ್ಲ ನಕ್ಕೇ ಅಭ್ಯಾಸವಾದವಳು.

"ಹೆಸರು ಹಿಡಿದ್ರೆ ಮರಕ್ಕೆ ಕೇಳ್ಸತ್ತಾ ಅಮ್ಮಾ? ಹಾಗಿದ್ರೆ ನಮ್ಮ ಕಾಲೇಜಿನ ಹುಡುಗರ ಹೆಸರೆಲ್ಲ ಹಿಡಿದು ಕೀಸ್ತೀನಿ. ಒಬ್ಬನಾದ್ರೂ ನಯ ಆಗ್ತಾನೇನೋ ನೋಡೋಣ."

ತಂಗಮ್ಮನ ಮಗ ಮಿಲನ್ ಕೂಡ ನಕ್ಕ. ಮನೆಯ ಮೇಲಟ್ಟವನ್ನು ಹೋಂಸ್ಟೇ ಕೋಣೆಯಾಗಿ ಮಾಡುವ ಆತುರ ಅವನಿಗೆ. ಅಲ್ಲಿದ್ದ ಹಳೆಯ ಸಾಮಾನು ಯಾರಾದರೂ ಹೊತ್ತುಕೊಂಡು ಹೋದರೆ ಸಾಕಾಗಿತ್ತು. "ಅವ್ವಾ, ನೀ ಸುಮ್ನೆ ಇರ್. ಎಂತಕ್ಕೆ ಅವ್ರನ್ನ ಹೆದರ್ಸ್ತಿ?" ಎಂದ. ತಂಗಮ್ಮನ ತುಟಿ ಅಲುಗಿತು, ಅಷ್ಟೆ. ಹಿಂತಿರುಗಿ ಒಳಗೆ ಹೋಗಿ ಬಾಗಿಲು ಎಳೆದುಕೊಂಡರು.

ಬೇರೆ ಹೆಂಗಸರು ಸೀರೆ ಕೂಡಿಹಾಕುತ್ತಾರೆ; ಮಾಳವಿಕಾ ಉಳಿ, ಬಾಚಿ, ಬೈರಿಗೆ ಕೂಡಿಹಾಕುತ್ತಿದ್ದಳು. ಅವಳ ಅಪ್ಪ ಮೈಸೂರಿನ ಶಾಲೆಯೊಂದರಲ್ಲಿ ಮರಗೆಲಸ ಕಲಿಸುತ್ತಿದ್ದ ಮೇಷ್ಟರು. ಅವರು ತೀರಿಕೊಂಡ ಮೇಲೆ ಅವರ ಆಯುಧದ ಪೆಟ್ಟಿಗೆ ಅವಳಿಗೆ ಬಂತು, ಪೆಟ್ಟಿಗೆಯ ಜೊತೆ ಹುಚ್ಚೂ ಬಂತು. ರಜೆ ಸಿಕ್ಕರೆ ಸ್ಕೂಟರ್ ಹತ್ತಿ ಎಸ್ಟೇಟುಗಳ ಹಳೇ ಮನೆಗಳ ಅಟ್ಟ ಹುಡುಕುವುದು, ತುಕ್ಕು ತಿಂದದ್ದನ್ನು ತಂದು ತಿಕ್ಕಿ, ಸಾಣೆ ಹಿಡಿದು, ಮತ್ತೆ ದುಡಿಯುವಂತೆ ಮಾಡುವುದು. ಗೋಡೆಗೆ ತೂಗು ಹಾಕುವವರನ್ನು ಕಂಡರೆ ಅವಳಿಗೆ ಆಗದು. ದುಡಿಯದ ಆಯುಧ ಹೆಣಕ್ಕೆ ಸಮ ಎಂದು ವಾದ ಮಾಡುತ್ತಿದ್ದಳು.

ಹಾಗಾಗಿ ತಂಗಮ್ಮನ ಎಚ್ಚರಿಕೆ ಅವಳ ವೈಚಾರಿಕತೆಯನ್ನಲ್ಲ, ಹಮ್ಮನ್ನು ಕೆಣಕಿತು. ಕೈಯಲ್ಲಿದ್ದದ್ದಾದರೂ ಎಂಥ ವಸ್ತು! ಮರವನ್ನು ಕೀಸಿ ನಯ ಮಾಡುವ ಕೀಸುಳಿ. ಬೀಟೆಯ ಮೈ, ಯಾರದೋ ಅಂಗೈಯ ಗುರುತು ಬಿದ್ದು ಹೊಳಪಾದ ಬೆನ್ನು. ಆದರೆ ಅಲಗು ಹೊರಗೆ ಇಣುಕುವ ಸೀಳಿಗೆ ಮೇಣ ತುಂಬಿ, ಮೇಲೆ ಕಪ್ಪು ದಾರ ಸುತ್ತಿ ಸುತ್ತಿ ಬಿಗಿದಿದ್ದರು. ಇಷ್ಟು ಒಳ್ಳೆಯ ಆಯುಧದ ಬಾಯಿ ಕಟ್ಟಿದವನ ಮೇಲೆ ಅವಳಿಗೆ ಸಿಟ್ಟೇ ಬಂತು.

ಮಡಿಕೇರಿಯ ಮನೆಯಲ್ಲಿ ಮಾವ ಗಜಾನನ ಭಟ್ಟರು ಜಗಲಿಯ ಮೇಲೆ ಕೂತು ಬತ್ತಿ ಹೊಸೆಯುತ್ತಿದ್ದರು. ದೇವಸ್ಥಾನದ ಪೂಜೆ ಬಿಟ್ಟು ವರ್ಷಗಳಾಗಿದ್ದವು. ಕೈಗೆ ಮಾತ್ರ ಅಭ್ಯಾಸ ಬಿಟ್ಟಿರಲಿಲ್ಲ. ಸೊಸೆಯ ಚೀಲ ನೋಡಿ, "ಏನು ಆಚಾರಮ್ಮ, ಇವತ್ತು ಯಾರ ಅಟ್ಟ ಗುಡಿಸಿದೆ?" ಎಂದರು. ಆಚಾರಿ ಎಂದರೆ ಬಡಗಿ; ಅವರು ಅವಳನ್ನು ಕರೆಯುವುದೇ ಹಾಗೆ. ಮಾಳವಿಕಾ ನಗುನಗುತ್ತಾ ತಂಗಮ್ಮನ ಮಾತು ಹೇಳಿದಳು. ಭಟ್ಟರು ನಗಲಿಲ್ಲ.

"ಹಿರಿಯರು ಹೇಳಿದ್ದನ್ನ ಕೇಳೋಕೆ ದುಡ್ಡು ಕೊಡಬೇಕಾ, ತಾಯಿ? ಹಾಗೇ ಇಟ್ಟುಬಿಡು."

"ನೀವೂ ಅಷ್ಟೇ ಮಾವ" ಎಂದು ಅವಳು ಹಿತ್ತಲ ಶೆಡ್ಡಿಗೆ ನಡೆದಳು.

ದಾರ ಕತ್ತರಿಸಿದಳು. ಮೇಣವನ್ನು ದೀಪದ ಶಾಖಕ್ಕೆ ಹಿಡಿದಾಗ ಕೂದಲು ಸುಟ್ಟ ವಾಸನೆ ಬಂತು. ಒಣಮೆಣಸು ಸುಟ್ಟ ಘಾಟೂ ಸೇರಿ ಕಣ್ಣಲ್ಲಿ ನೀರು ಬಂತು. ಅಲಗನ್ನು ಹಿಡಿದಿದ್ದ ಬೆಣೆ ಕಾಸರಕನ ಮರದ್ದು, ಕಹಿ ಮರ. ಅದನ್ನು ಹೊಡೆದು ತೆಗೆಯಲು ಕೊಡತಿಯ ಪೆಟ್ಟು ಎಷ್ಟೋ ಬೇಕಾದವು. ಅಲಗಿನ ಬಾಯನ್ನು ಬೇಕೆಂದೇ ಕಲ್ಲಿಗೆ ಬಡಿದು ಮೊಂಡು ಮಾಡಿದ್ದರು. ಅವಳು ಸಂಜೆಯೆಲ್ಲ ಸಾಣೆಕಲ್ಲಿನ ಮೇಲೆ ಅದನ್ನು ಉಜ್ಜಿದಳು. ಕಲ್ಲಿನ ಮೇಲೆ ಉಕ್ಕು ಎಳೆಯುವ ಸದ್ದು ಶೆಡ್ಡಿನ ತಗಡಿಗೆ ತಾಗಿ ವಾಪಸು ಬರುತ್ತಿತ್ತು. ಕೊನೆಗೆ ಮುಂಗೈಯ ರೋಮ ಬೋಳಿಸಿ ನೋಡಿದಳು. ಮುಟ್ಟಿದ್ದೇ ತಿಳಿಯದಂತೆ ರೋಮ ಉದುರಿತು. ಅಪ್ಪ ಇದ್ದಿದ್ದರೆ ಬೆನ್ನು ತಟ್ಟುತ್ತಿದ್ದರು ಎಂದುಕೊಂಡಾಗ ಅವಳಿಗೆ ಅಳು ಬರುವಷ್ಟು ಸಂತೋಷವಾಯಿತು.

ಯುಗಾದಿಗೆ ಮಗಳು ಹಂಸಿನಿಗೆ ಉಯ್ಯಾಲೆ ಮಾಡಿಕೊಡುವುದಾಗಿ ಮಾತಾಗಿತ್ತು. ಎರಡನೇ ಕ್ಲಾಸಿನ ಹುಡುಗಿ, ನಡೆದರೆ ಓಟ, ಓಡಿದರೆ ಗೆಜ್ಜೆ ಸದ್ದು ಬೀದಿಯ ಕೊನೆಗೆ ಕೇಳಬೇಕು. ಅವಳು ಕೂರಲೆಂದು ಮಾಳವಿಕಾ ಒಂದು ಹಲಸಿನ ಹಲಗೆ ತಂದಿಟ್ಟಿದ್ದಳು. ಸಿಬಿರು ಚುಚ್ಚದಂತೆ ಅದರ ಎರಡೂ ಮೈ ನುಣ್ಣಗಾಗಬೇಕಿತ್ತು.

ಹಲಗೆ ಕೀಸುವ ಮುಂಚೆ ಬಡಗಿಗಳು ಅದರ ಮೇಲೆಲ್ಲ ಪೆನ್ಸಿಲ್ಲಿನಿಂದ ಗೀಚುತ್ತಾರೆ. ಗೀಚು ಹೋದ ಕಡೆ ಕೀಸುಳಿ ಮುಟ್ಟಿದೆ, ಉಳಿದ ಕಡೆ ತಗ್ಗಿದೆ ಎಂದು ಲೆಕ್ಕ. ಕೊನೆಯ ಗೀಚು ಹೋದಾಗ ಹಲಗೆ ಸಮವಾದಂತೆ. ಮಾಳವಿಕಾಳ ಅಪ್ಪ ಮಾತ್ರ ಸುಮ್ಮನೆ ಗೀಚುತ್ತಿರಲಿಲ್ಲ. ಯಾರಿಗಾಗಿ ಮಾಡುತ್ತಿದ್ದಾರೋ ಅವರ ಹೆಸರನ್ನು ಹಲಗೆಯ ತುಂಬ ಬರೆಯುತ್ತಿದ್ದರು. ಅವರನ್ನೇ ನೆನೆಯುತ್ತಾ, ಹೆಸರು ಪೂರಾ ಹೋಗುವವರೆಗೂ ಕೀಸಬೇಕು. ಆಗ ಹೆಸರು ಮರದೊಳಗೆ ಇಳಿಯುತ್ತದೆ ಎನ್ನುತ್ತಿದ್ದರು. ಮಗಳಿಗೆ ಕಲಿಸಿದ್ದೂ ಹಾಗೆಯೇ.

ಮಾಳವಿಕಾ ಪೆನ್ಸಿಲ್ ತೆಗೆದುಕೊಂಡಳು. ಹಂಸಿನಿ, ಹಂಸಿನಿ, ಹಂಸಿನಿ ಎಂದು ಸಾಲು ಸಾಲಾಗಿ ಬರೆದಳು. ಯಾರ ಹೆಸರೂ ಹಿಡಿದು ಕೀಸಬೇಡಿ ಎಂದ ತಂಗಮ್ಮ ನೆನಪಾದರು. ನಗು ಬಂತು. ಕೀಸುಳಿಯನ್ನು ಹಲಗೆಯ ಮೇಲಿಟ್ಟು ತಳ್ಳಿದಳು.

ಬೇರೆ ಕೀಸುಳಿಗಳು ಕಿರುಗುಟ್ಟುತ್ತವೆ, ಅಥವಾ ಹಾಡುತ್ತವೆ. ಇದು ಉಸಿರೆಳೆಯಿತು. ಅದರ ಬಾಯಿಂದ ಈರುಳ್ಳಿ ಸಿಪ್ಪೆಯಷ್ಟು ತೆಳುವಾದ ಹಳದಿ ಸುರುಳಿ ಹೊರಬಂದು ಅವಳ ಮಣಿಕಟ್ಟಿಗೆ ಸುತ್ತಿಕೊಂಡಿತು. ಅದರ ಮೇಲೆ ಮಗಳ ಹೆಸರು ಬೂದು ಬಣ್ಣದಲ್ಲಿ ಕಾಣುತ್ತಿತ್ತು. ಇಷ್ಟು ಚೆನ್ನಾದ ಸುರುಳಿಯನ್ನು ಅವಳು ಜನ್ಮದಲ್ಲಿ ಎಬ್ಬಿಸಿರಲಿಲ್ಲ.

ಮರುದಿನ ಹಂಸಿನಿ ಶಾಲೆಯಿಂದ ಒಂದೇ ಗೆಜ್ಜೆಯಲ್ಲಿ ಬಂದಳು. ಇನ್ನೊಂದು ಎಲ್ಲೋ ಕಳಚಿ ಬಿದ್ದಿತ್ತು. ಬೈಸಿಕೊಂಡಳು ಪಾಪ. ಆಮೇಲೆ ಕೈಬಳೆ ಜಾರಿತು. ಯೂನಿಫಾರ್ಮಿನ ಬೆಲ್ಟಿಗೆ ಅಪ್ಪ ಶ್ರೀರಾಮ್ ಹೊಸ ತೂತು ಕೊರೆದ. ತಾಲೂಕು ಕಚೇರಿಯಿಂದ ಬಂದ ಮೇಲೆ ಮಗಳನ್ನು ಎತ್ತಿ ಆಡಿಸುವುದು ಅವನ ರೂಢಿ. "ಏನೇ ಇವಳು, ಹತ್ತಿ ಥರ ಆಗಿದ್ದಾಳೆ" ಎಂದ ಒಂದು ಸಂಜೆ. ಡಾಕ್ಟರು ರಕ್ತ ಕಮ್ಮಿ ಎಂದು ಟಾನಿಕ್ ಬರೆದರು, ಹುಳದ ಮಾತ್ರೆ ಕೊಟ್ಟರು. ಮಾಳವಿಕಾ ಸೊಪ್ಪು ಬೇಯಿಸಿದಳು, ತುಪ್ಪ ಸುರಿದಳು, ಬೇಜಾರು ಕಳೆಯಲು ಶೆಡ್ಡಿಗೆ ಹೋಗಿ ಇನ್ನಷ್ಟು ಕೀಸಿದಳು. ಮಗು ಹುಷಾರಾಗಿ ಎದ್ದಾಗ ಉಯ್ಯಾಲೆ ಸಿದ್ಧವಿರಬೇಕು ಎಂಬುದು ಅವಳ ಆಸೆ.

"ಅಮ್ಮಾ, ಆ ಹಲಗೆ ಕೀಸ್ಬೇಡ" ಎಂದಳು ಹಂಸಿನಿ ಶೆಡ್ಡಿನ ಬಾಗಿಲಲ್ಲಿ ನಿಂತು. ದನಿ ದಾರದಷ್ಟಾಗಿತ್ತು. "ನೀನು ಕೀಸುವಾಗ ನನ್ನ ಬೆನ್ನು ಉರೀತದೆ."

"ಅಯ್ಯೋ ಕಳ್ಳಿ. ಉಯ್ಯಾಲೆ ಬೇಡ್ವಾ ನಿಂಗೆ?"

"ಬೇಕು."

"ಮತ್ತೆ? ಹೋಗು, ತಾತನ ಹತ್ರ ಕತೆ ಹೇಳಿಸ್ಕೋ."

ಮಗು ಹೋಯಿತು. ಮಾಳವಿಕಾ ಒಂದು ಮೈಯ ಕೊನೆಯ ಹೆಸರನ್ನೂ ಕೀಸಿ ಮುಗಿಸಿದಳು. ಮುಂದೆ ಎಷ್ಟೋ ಸಲ ಅವಳು ಆ ಗಳಿಗೆಗೆ ಹಿಂದಿರುಗಿ, ಕೈಯಲ್ಲಿದ್ದದ್ದನ್ನು ಎಸೆದು, ಮಗಳನ್ನು ಎತ್ತಿಕೊಂಡಿದ್ದಾಳೆ. ಮನಸ್ಸಿನಲ್ಲಿ ಮಾತ್ರ.

ಮಾರನೆಯ ಬೆಳಗ್ಗೆ ಸ್ನಾನ ಮಾಡಿಸುವಾಗ ಅದು ಕಂಡಿತು. ಹಂಸಿನಿಯ ಬೆನ್ನ ಮೇಲೆ ಕತ್ತಿನಿಂದ ಸೊಂಟದವರೆಗೆ ಒಂದು ಪಟ್ಟಿ. ಗಾಯವಲ್ಲ. ರಕ್ತವಿಲ್ಲ. ಅಷ್ಟಗಲ ಚರ್ಮ ಅತಿ ನುಣುಪಾಗಿ, ಒಳಗಿನ ನೀಲಿ ನರ ಕಾಣುವಷ್ಟು ತೆಳುವಾಗಿತ್ತು. ಅಂಚು ಗೆರೆ ಎಳೆದಷ್ಟು ನೇರ. ಮಾಳವಿಕಾ ಒದ್ದೆ ಕೈಯಲ್ಲೇ ಶೆಡ್ಡಿಗೆ ಓಡಿದಳು. ಅಲಗನ್ನು ಬಿಚ್ಚಿ ತಂದಳು. ಮಗುವಿನ ಬೆನ್ನಿಗೆ ತಾಗದಂತೆ ಹಿಡಿದು ನೋಡಿದಳು. ಅಲಗಿನ ಅಗಲವೂ ಪಟ್ಟಿಯ ಅಗಲವೂ ಒಂದೇ. ಕೂದಲೆಳೆಯ ವ್ಯತ್ಯಾಸವಿರಲಿಲ್ಲ. ಬಚ್ಚಲೊಳಗೆ ಸೀಗೆಯ ವಾಸನೆಯ ನಡುವೆ, ಎಲ್ಲಿಂದಲೋ, ಸುಟ್ಟ ಕೂದಲಿನ ವಾಸನೆ.

ಕೆಟ್ಟ ಮೇಲೆ ಬುದ್ಧಿ ಬಂತು ಅನ್ನುತ್ತಾರಲ್ಲ, ಅವಳಿಗೆ ಬುದ್ಧಿ ಬಂದದ್ದು ಹಾಗೆ. ಮಗುವನ್ನು ಮಾವನ ಮಡಿಲಿಗೆ ಹಾಕಿ ಸ್ಕೂಟರ್ ಹತ್ತಿದಳು.

ಗಾಳಿಬೀಡಿನ ಏರಿನಲ್ಲಿ ಮಂಜು ಇಳಿದಿತ್ತು. ಕಾಫಿ ಹೂ ಬಾಡಿ ಕಂದಾಗಿ ಗಿಡಕ್ಕೇ ಅಂಟಿಕೊಂಡಿತ್ತು. ತಂಗಮ್ಮ ಒಬ್ಬರೇ ಇದ್ದರು. ಅವಳ ಮುಖ ನೋಡಿದ್ದೇ ಬಾಗಿಲು ಪೂರ್ತಿ ತೆರೆದರು.

"ಯಾರ ಹೆಸರು?" ಎಂದು ಕೇಳಿದರು.

"ಮಗಳದ್ದು."

ತಂಗಮ್ಮ ಅವಳನ್ನು ಕೊಟ್ಟಿಗೆಯ ಹಿಂದಿನ ಕತ್ತಲೆ ಕೋಣೆಗೆ ಕರೆದುಕೊಂಡು ಹೋದರು. ಗೋಣಿ ಸರಿಸಿದರು. ಕೆಳಗೆ ಒಂದು ತೊಟ್ಟಿಲು. ಒಂದು ಪಕ್ಕ ಕನ್ನಡಿಯಂತೆ ನುಣುಪು. ಇನ್ನೊಂದು ಪಕ್ಕ ಒರಟೊರಟು.

"ನನ್ನ ಮಗಳು ಮುತ್ತಿಗಾಗಿ ಮಾಡಿದ್ದು" ಎಂದರು ತಂಗಮ್ಮ. "ಮಿಲನ್‌ಗಿಂತ ಮೊದಲನೇದು, ಹೆಣ್ಣು. ಅವನಿಗೆ ಅಕ್ಕ ಇದ್ದಳು ಅಂತ್ಲೇ ಗೊತ್ತಿಲ್ಲೆ. ನಮ್ಮ ತೋಟದಲ್ಲೇ ಇದ್ದ ಐತಪ್ಪಾಚಾರಿಗೆ ಮಕ್ಕಳಿಲ್ಲ. ಮುತ್ತಿ ಅಂದ್ರೆ ಪ್ರಾಣ. ಮುತ್ತೀ ಮುತ್ತೀ ಅಂತ ಹಾಡ್ತಾ ಕೀಸ್ದ. ಅವನ ಅಪ್ಪ ಆ ಕೀಸುಳಿ ಮುಟ್ಬೇಡ ಅಂತ ಹೇಳಿದ್ದನಂತೆ. ಅವನೂ ನಿಮ್ಮ ಹಾಗೇ ನಕ್ಕಿದ್ದ."

ಅವರು ಹೇಳಿದ್ದು ಇಷ್ಟು. ಆ ಮನೆಯ ಅಜ್ಜನ ಕಾಲದಲ್ಲಿ ಅಣ್ಣ ತಮ್ಮಂದಿರಿಗೆ ಗಡಿಯ ಜಗಳ. ಅಣ್ಣ ಮಂತ್ರವಾದಿಯನ್ನು ಕರೆಸಿದ. ಕಾಸರಕನ ಮರದಲ್ಲಿ ತಮ್ಮನ ಬೊಂಬೆ ಮಾಡಿಸಿ, ದಿನಕ್ಕೊಂದು ಎಳೆಯಂತೆ ಅವನ ಹೆಸರು ಹೇಳುತ್ತಾ ಕೀಸಿಸಿದ. ಕೀಸಿದವನು ಐತಪ್ಪನ ಅಪ್ಪ; ಒಲ್ಲೆ ಎನ್ನಲು ಅವನಿಗೆ ಧೈರ್ಯವಿರಲಿಲ್ಲ. ಸುರುಳಿಗಳನ್ನು ಮೆಣಸಿನ ಜೊತೆ ಸುಟ್ಟರು. ಬೊಂಬೆ ಕಡ್ಡಿಯಾದ ದಿನ ತಮ್ಮ ಹೋದ. ಕೆಲಸ ಮುಗಿಯಿತು ಎಂದು ಎಲ್ಲರೂ ತಿಳಿದರು. ಕೀಸುಳಿ ಮಾತ್ರ ಕಲಿತದ್ದನ್ನು ಮರೆಯಲಿಲ್ಲ. ಅದಕ್ಕೆ ದ್ವೇಷದಿಂದ ಹೇಳಿದ ಹೆಸರೂ ಒಂದೇ, ಪ್ರೀತಿಯಿಂದ ಹೇಳಿದ ಹೆಸರೂ ಒಂದೇ.

"ಈ ಮನೆ ಮಾಡಿಸಿದ್ದು, ಈ ಮನೆ ಮಗುವಿಗೇ ಬಂತು" ಎಂದರು ತಂಗಮ್ಮ.

"ನಾನು ನಿಲ್ಲಿಸಿದ್ದೀನಿ. ಇನ್ನು ಮುಟ್ಟೋದಿಲ್ಲ. ಹಲಗೆ ಸುಟ್ಟುಹಾಕ್ತೀನಿ."

ತಂಗಮ್ಮ ತಲೆ ಅಲ್ಲಾಡಿಸಿದರು. "ಐತಪ್ಪನೂ ನಿಲ್ಲಿಸ್ದ. ಅರ್ಧಕ್ಕೆ ಬಿಟ್ರೆ ಅದು ಬಿಡೋದಿಲ್ಲೆ. ಶುರು ಮಾಡಿದ್ದನ್ನ ಮುಗಿಸೇ ಮುಗಿಸ್ತದೆ, ನೀವು ಕೀಸಿದ್ರೂ ಅಷ್ಟೆ, ಕೀಸದಿದ್ರೂ ಅಷ್ಟೆ. ಸುಟ್ರೆ ಮಗು ಅದೇ ದಿನ ಹೋಗ್ತದೆ. ಮಗು ಉಳೀಬೇಕಾದ್ರೆ ಉಳಿದ ಅರ್ಧವನ್ನ ಬೇರೆಯವರ ಹೆಸರಲ್ಲಿ ಮುಗಿಸ್ಬೇಕು. ಬರೀ ಹೆಸರು ಸಾಲದು. ಸತ್ತವರದ್ದು ಆಗೋದಿಲ್ಲ. ಮನಸ್ಸಿನ ತುಂಬ ಅವರೇ ಇರ್ಬೇಕು. ನನ್ನನ್ನ ನೆನೆಸು, ಮಗು ಉಳೀಲಿ ಅಂದೆ ನಾನು ಐತಪ್ಪನಿಗೆ. ಕಾಲು ಹಿಡ್ದೆ. ಅವನಿಗೆ ಆಗ್ಲಿಲ್ಲ. ಕೀಸುಳಿ ಹಿಡ್ಕೊಂಡು ಕೂತೇ ಇದ್ದ. ಯಾರನ್ನ ಕೊಲ್ಲಲಿ ಅಂತ ಅಳ್ತಾ ಕೂತ. ಅಷ್ಟರಲ್ಲಿ ನನ್ನ ಮುತ್ತಿ..."

"ಇದನ್ನೆಲ್ಲ ನೀವು ಅವತ್ತೇ ಹೇಳ್ಬೇಕಿತ್ತು!" ಮಾಳವಿಕಾ ಕಿರುಚಿದಳು.

"ಹೇಳಿದ್ರೆ ನಂಬ್ತಿದ್ರಾ ಮಗಳೇ?" ತಂಗಮ್ಮ ಒರಟು ಬದಿಯ ಮೇಲೆ ಕೈಯಾಡಿಸುತ್ತಿದ್ದರು. "ಆ ಹೆಸರು ಬಾಯಲ್ಲಿ ಬಂದ್ರೆ ನಂಗೆ ಮಾತು ನಿಲ್ತದೆ. ಇವತ್ತೇ ಹೇಳಿದ್ದು."

ಮನೆಗೆ ಬಂದಾಗ ಮಧ್ಯಾಹ್ನ. ಶ್ರೀರಾಮ್ ಆಸ್ಪತ್ರೆಯಿಂದ ರಕ್ತದ ರಿಪೋರ್ಟ್ ತರಲು ಹೋಗಿದ್ದ. ಮಗುವನ್ನು ಮೈಸೂರಿಗೆ ಕರೆದೊಯ್ಯುವ ಮಾತಾಗಿತ್ತು. ಹಂಸಿನಿ ಚಾಪೆಯ ಮೇಲೆ ಮಲಗಿದ್ದಳು. ಹೊದಿಕೆಯ ಕೆಳಗೆ ಯಾರಾದರೂ ಇದ್ದಾರೆಂದು ಹೇಳುವಂತಿರಲಿಲ್ಲ. ಮಾಳವಿಕಾ ಮಾವನ ಕಾಲ ಬಳಿ ಕೂತು ಎಲ್ಲ ಹೇಳಿದಳು. ಬಿಕ್ಕಿ ಬಿಕ್ಕಿ ಹೇಳಿದಳು. ನಂಬದವಳ ಬಾಯಿಂದ ಆ ಕತೆ ಕೇಳುತ್ತಾ ಭಟ್ಟರು ಒಂದು ಸಲವೂ ನಾನು ಹೇಳಲಿಲ್ಲವೇ ಎನ್ನಲಿಲ್ಲ.

ಅವಳು ಶೆಡ್ಡಿಗೆ ಹೋದಳು. ಬಾಗಿಲು ಹಾಕಿಕೊಂಡಳು. ಮಂಜು ತಗಡಿನ ಸಂದಿನಿಂದ ಒಳಗೆ ಬಂದು ನೆಲದ ಮೇಲೆ ನಿಂತಿತ್ತು. ಬಿಚ್ಚಿದ್ದ ಅಲಗನ್ನು ಮತ್ತೆ ಕೂರಿಸಿ, ಹಲಗೆಯ ಒರಟು ಮೈ ಮೇಲೆ ತಿರುಗಿಸಿದಳು. ಮೊದಲು ಸತ್ತ ಅಪ್ಪನ ಹೆಸರು ಬರೆದಳು, ಆದರೂ ಆಗಲಿ ಎಂದು. ಕೀಸುಳಿ ಜಾರಿತು. ಮರವನ್ನು ಮುಟ್ಟಲೇ ಇಲ್ಲ. ಆಮೇಲೆ ತನ್ನ ಹೆಸರು ಬರೆದಳು. ಮಾಳವಿಕಾ. ನಾನು. ನಾನೇ. ನನ್ನನ್ನು ತಗೋ. ತಳ್ಳಿದಳು. ಕಚ್ಚಿತು. ಸುರುಳಿ ಎದ್ದಿತು. ಆದರೆ ತಾಯಾದವಳು ತನ್ನನ್ನು ತಾನು ನೆನೆಯುವುದು ಹೇಗೆ? ನಾನು ಸತ್ತರೆ ಅವಳಿಗೆ ಜಡೆ ಹಾಕುವವರು ಯಾರು ಎಂದು ಅನಿಸಿದ್ದೇ ತಡ, ಮನೆಯೊಳಗಿನಿಂದ ಹಂಸಿನಿ ಚೀರಿದಳು.

ಕೀಸುಳಿ ಬಿಟ್ಟು ಹಿಂದೆ ಸರಿದಳು. ಗೋಡೆಗೆ ಒರಗಿದಳು. ಬೇರೆ ಯಾರು? ಗಂಡ? ಅವನನ್ನು ನೆನೆದರೂ ಅವನ ತೋಳಲ್ಲಿ ಮಗಳಿರುತ್ತಾಳೆ. ಎದುರು ಮನೆಯವರು? ಪಕ್ಕದ ಟೇಬಲ್ಲಿನ ಲೆಕ್ಚರರ್? ಆ ಸ್ವಲ್ಪ ಹೊತ್ತಿನಲ್ಲಿ ಮನಸ್ಸಿನೊಳಗೆ ಎಷ್ಟು ಜನರನ್ನು ಹಲಗೆಯ ಮೇಲೆ ಮಲಗಿಸಿದಳೆಂಬುದು ಅವಳೊಬ್ಬಳಿಗೇ ಗೊತ್ತು. ಅದನ್ನು ನೆನೆದರೆ ಅವಳಿಗೆ ಇವತ್ತಿಗೂ ಅನ್ನ ಇಳಿಯುವುದಿಲ್ಲ.

ಬಾಗಿಲು ತಟ್ಟಿದ ಸದ್ದು. ಭಟ್ಟರು ಒಳಗೆ ಬಂದರು. ದಿನವೂ ಈ ಹೊತ್ತಿಗೆ ಸೊಸೆಗೆ ಕಾಫಿ ತಂದುಕೊಡುವುದು ಅವರ ಪದ್ಧತಿ. ಇವತ್ತು ಬರಿಗೈ.

"ಪೆನ್ಸಿಲ್ ಕೊಡು" ಎಂದರು.

"ಬೇಡ ಮಾವ."

"ಮಾವನ ಹೆಸರು ಸೊಸೆ ಬರೀಬಾರದು. ಕೊಡು, ನಾನೇ ಬರೀತೀನಿ."

"ಬೇಡ... ಬೇಡ ಮಾವ, ನನ್ನ ಕೈಯಲ್ಲಿ..."

"ಜಪಕ್ಕೆ ಕೂತು ನೋಡಿದೆ. ನನ್ನ ಮಂತ್ರಕ್ಕೆ ಇದು ಬಗ್ಗೋದಲ್ಲ. ಅವಳು ಇನ್ನೂ ಎರಡನೇ ಕ್ಲಾಸು, ತಾಯಿ. ನಾನು ಓದಿ ಮುಗಿಸಿದ್ದೀನಿ."

ಒಳಗಿನಿಂದ ನರಳುವ ಸದ್ದು ಬರುತ್ತಿತ್ತು. ಅದು ಸಣ್ಣದಾಯಿತು. ನಿಂತೇ ಹೋಯಿತು. ಆ ಮೌನ ಅವಳ ಕೈಯಿಂದ ಪೆನ್ಸಿಲ್ ಕಿತ್ತುಕೊಂಡಿತು.

ಭಟ್ಟರು ಪಂಚಾಂಗಕ್ಕೆ ಬರೆಯುವಷ್ಟೇ ಮುದ್ದಾದ ಅಕ್ಷರದಲ್ಲಿ, ಹಲಗೆಯ ತುಂಬ ಗಜಾನನ, ಗಜಾನನ ಎಂದು ಬರೆದರು. ಸ್ಟೂಲು ಎಳೆದುಕೊಂಡು ಎದುರಿಗೆ ಕೂತರು. ಹಲಗೆ ಅಲುಗದಂತೆ ಎರಡೂ ಕೈಯಿಂದ ತುದಿ ಹಿಡಿದುಕೊಂಡರು.

"ನನ್ನನ್ನೇ ನೋಡು. ಬೇರೆ ಎಲ್ಲೂ ಹೋಗ್ಬೇಡ. ನಾನು ಮಾತಾಡ್ತಾ ಇರ್ತೀನಿ, ನೀನು ಕೇಳ್ತಾ ಕೀಸು. ನೀನು ಈ ಮನೆಗೆ ಬಂದ ಮೊದಲನೇ ವಾರ ನೆನಪಿದ್ಯಾ? ದೇವರ ಮಂಟಪದ ಕಾಲು ಮುರಿದಿತ್ತು."

ಅವಳು ತಳ್ಳಿದಳು. ಕೀಸುಳಿ ಉಸಿರೆಳೆಯಿತು.

"ನೀನು ಸೆರಗು ಕಟ್ಟಿ ರಿಪೇರಿ ಮಾಡ್ದೆ. ನಾನು ದೇವಸ್ಥಾನದ ಬೀದಿಯೆಲ್ಲ ಸಾರಿದೆ, ನಮ್ಮನೆಗೆ ಸೊಸೆ ಬಂದಿಲ್ಲ, ಆಚಾರಿ ಬಂದಿದ್ದಾಳೆ ಅಂತ. ಎಷ್ಟು ಹೆಮ್ಮೆ ನಂಗೆ. ನಿಂಗೆ ಹೇಳಿರ್ಲಿಲ್ಲ."

ತಳ್ಳಿದಳು. ಸುರುಳಿ. ಅವರ ಬೆರಳಿನ ಪವಿತ್ರದುಂಗುರ ಜಾರಿ ನೆಲಕ್ಕೆ ಬಿತ್ತು. ಉರುಳಿಕೊಂಡು ಹೋಯಿತು.

"ನಿನ್ನಪ್ಪ ಹೋದಾಗ ನೀನು ಮೂರು ದಿನ ಮಾತಾಡ್ಲಿಲ್ಲ. ಈ ಶೆಡ್ಡು ಕಟ್ಟಿಸಿಕೊಟ್ಟದ್ದು ಅದಕ್ಕೇ. ಉಳಿಯ ಸದ್ದು ಕೇಳಿದ ಮೇಲೇ ನಂಗೆ ನಿದ್ದೆ ಬಂದದ್ದು."

ಕೆನ್ನೆ ಒಳಗೆ ಹೋಯಿತು. ಜನಿವಾರ ಭುಜದಿಂದ ಜಾರಿತು. ಅವಳು ಕಣ್ಣು ಮುಚ್ಚುವಂತಿಲ್ಲ. ಮುಚ್ಚಿದರೆ ಮಗಳು ಬರುತ್ತಾಳೆ. ನೋಡಬೇಕು. ನೋಡುತ್ತಲೇ ಇರಬೇಕು. ಅವರನ್ನು ಉಳಿಸಿಕೊಳ್ಳಬೇಕೆಂಬಷ್ಟು ಪ್ರೀತಿಯಿಂದ ನೆನೆದರೆ ಮಾತ್ರ ಅಲಗು ಕಚ್ಚುತ್ತಿತ್ತು. ತಳ್ಳಿದಳು. ತಳ್ಳಿದಳು. ಹಲಸಿನ ವಾಸನೆ. ಸುಟ್ಟ ಕೂದಲಿನ ವಾಸನೆ. ಅವರ ಮೈಯ ವಿಭೂತಿಯ ವಾಸನೆ. ಸುರುಳಿಗಳು ಪಾದ ಮುಚ್ಚಿದವು. ದನಿ ಸಣ್ಣದಾಯಿತು. ಅವರು ಇನ್ನೂ ಮಾತಾಡುತ್ತಿದ್ದರು. ಅವಳ ಕೈಯ ಉಪ್ಪು ಹೆಚ್ಚಾದ ಸಾರಿನ ಮಾತು. ಮಾತು ಗಾಳಿಯಾಯಿತು. ತುಟಿ ಮಾತ್ರ ಅಲುಗುತ್ತಿತ್ತು.

ಹಲಗೆಯ ಮೂಲೆಯಲ್ಲಿ ಒಂದು ಅಕ್ಷರ ಉಳಿದಿತ್ತು. ನ.

ಅವಳ ಕೈ ನಿಂತಿತು. "ಆಗಲ್ಲ ಮಾವ. ನನ್ನಿಂದ ಆಗಲ್ಲ."

ಗರಿಯಷ್ಟು ಹಗುರವಾದ ಕೈಯೊಂದು ಅವಳ ಕೈಯ ಮೇಲೆ ಬಂದು ಕೂತಿತು. "ಮುಗಿಸು ಆಚಾರಮ್ಮ." ಆ ಕೈಯೇ ತಳ್ಳಿತು.

ಕೀಸುಳಿ ಉಸಿರು ಬಿಟ್ಟಿತು.

ಒಳಗಿನಿಂದ ಗಟ್ಟಿಯಾದ ದನಿ ಕೇಳಿಸಿತು. "ಅಮ್ಮಾ! ಹಸಿವು!"

ಮಾಳವಿಕಾ ಓಡಲಿಲ್ಲ. ಎದುರಿನ ಸ್ಟೂಲಿನಿಂದ ಜಾರುತ್ತಿದ್ದ ದೇಹವನ್ನು ಹಿಡಿದುಕೊಂಡು, ಸುರುಳಿಗಳ ರಾಶಿಯ ಮೇಲೆ ಕೂತು, ಅಪ್ಪಾ ಎಂದು ಕೂಗಿ ಅತ್ತಳು. ಅವರು ಬದುಕಿದ್ದಾಗ ಹಾಗೆ ಕರೆದಿರಲಿಲ್ಲ.

ಹೃದಯ ನಿಂತಿದೆ ಎಂದರು ಡಾಕ್ಟರು. ಚಟ್ಟ ಹೊತ್ತವರು ಭಾರವೇ ಇಲ್ಲವಲ್ಲ ಎಂದು ತಮ್ಮತಮ್ಮಲ್ಲೇ ಮಾತಾಡಿಕೊಂಡರು. ಮೊಮ್ಮಗಳ ಚಿಂತೆಯಲ್ಲೇ ಅಪ್ಪ ಕರಗಿಹೋದರು ಎಂದು ಶ್ರೀರಾಮ್ ಇಂದಿಗೂ ಹೇಳುತ್ತಾನೆ. ಮಾಳವಿಕಾ ಹೌದೆನ್ನುತ್ತಾಳೆ. ನಿಜ ಹೇಳಲು ಬಾಯಿ ತೆರೆದಾಗಲೆಲ್ಲ ಆ ಹೆಸರಿನ ಹತ್ತಿರ ಮಾತು ನಿಲ್ಲುತ್ತದೆ. ಅಲಗನ್ನು ಅವಳೇ ಕಲ್ಲಿಗೆ ಬಡಿದು ಮೊಂಡು ಮಾಡಿದಳು, ಮೇಣ ತುಂಬಿದಳು, ಕಪ್ಪು ದಾರ ಸುತ್ತಿದಳು. ಅಪ್ಪನ ಪೆಟ್ಟಿಗೆಯನ್ನೂ ಮುಚ್ಚಿದಳು. ಶೆಡ್ಡಿಗೆ ಬೀಗ.

ಉಯ್ಯಾಲೆಯನ್ನು ಜಗಲಿಯಲ್ಲಿ ಕಟ್ಟಿದವನು ಶ್ರೀರಾಮ್. ಬೇಡವೆನ್ನಲು ಅವಳಿಗೆ ಕಾರಣ ಸಿಗಲಿಲ್ಲ. ಹಂಸಿನಿ ಸಂಜೆಯಾದರೆ ಅದರ ಮೇಲೆ. ಮೈ ಕೈ ತುಂಬಿಕೊಂಡಿದ್ದಾಳೆ. ಬೆನ್ನ ಮೇಲಿನ ಪಟ್ಟಿ ಮಾತ್ರ ಹಾಗೇ ಇದೆ. ಆಡುತ್ತಾ ಆಡುತ್ತಾ ಒಮ್ಮೊಮ್ಮೆ ಕೇಳುತ್ತಾಳೆ, "ತಾತ ಇದ್ರ ಮೇಲೆ ಒಂದ್ಸಲಾನೂ ಕೂರ್ಲಿಲ್ಲ ಅಲ್ವಾ ಅಮ್ಮಾ?"

ಮಾಳವಿಕಾ ಅಡುಗೆಮನೆಯಲ್ಲಿ ಈಳಿಗೆಮಣೆಯ ಮುಂದೆ ಕೂತು ಬೀನ್ಸ್ ಹೆಚ್ಚುತ್ತಿರುತ್ತಾಳೆ. ಹರಿತವಾದ ಯಾವುದನ್ನು ಮುಟ್ಟಿದರೂ ಅವಳಿಗೆ ಈಗ ಭಯ. ಹೆಚ್ಚುವಾಗ ಮನಸ್ಸಿನಲ್ಲಿ ಯಾರೂ ಇರಬಾರದು. ಯಾರೂ ಬರಬಾರದು. ಅದಕ್ಕೆ ಅವಳು ಮಗ್ಗಿ ಹೇಳಿಕೊಳ್ಳುತ್ತಾಳೆ. ಮೂರೊಂದ್ಲ ಮೂರು. ಮೂರೆರಡ್ಲ ಆರು. ಹಗ್ಗ ಕಿರ್ ಎನ್ನುತ್ತದೆ, ಹೊಸ ಗೆಜ್ಜೆ ಘಲ್ ಎನ್ನುತ್ತದೆ. ಮೂರೇಳ್ಲ ಇಪ್ಪತ್ತೊಂದು. ಮೂರೆಂಟ್ಲ...

ಗೆಜ್ಜೆಯ ಜೊತೆ ಮಗಳು ಮನಸ್ಸಿನೊಳಗೆ ಬಂದುಬಿಡುತ್ತಾಳೆ. ಕೈ ನಿಲ್ಲುತ್ತದೆ. ಬೀನ್ಸನ್ನು ಅಲಗಿನಿಂದ ದೂರ ತೆಗೆಯುತ್ತಾಳೆ.

"ಇಪ್ಪತ್ನಾಲ್ಕು ಅಮ್ಮಾ!" ಎಂದು ಜಗಲಿಯಿಂದ ಕೂಗುತ್ತಾಳೆ ಹಂಸಿನಿ. "ದಿನಾ ಅಲ್ಲೇ ಮರೀತೀಯಲ್ಲ!"

ಮಾಳವಿಕಾ ಕಣ್ಣೊರೆಸಿಕೊಂಡು ಮತ್ತೆ ಮೊದಲಿನಿಂದ ಶುರು ಮಾಡುತ್ತಾಳೆ.